ಬದುವಿನ ಮರಕ್ಕೆ ಕೊಡಲಿ ಹಾಕುವ ಮುನ್ನ

ಸುಗ್ಗಿ ಮುಗಿದು ಕಣ ಬರಿದಾದ ಮೇಲೆ ಬಯಲುಸೀಮೆಯ ರೈತರ ಕಣ್ಣು ಬದುವಿನ ಮರಗಳತ್ತ ಹೊರಳುತ್ತದೆ. ಶಿವರಾತ್ರಿಯಿಂದ ಯುಗಾದಿ ದಾಟುವವರೆಗೆ ಮಳೆಯಾಶ್ರಿತ ಹೊಲದಲ್ಲಿ ಬೆಳೆಯಿರುವುದಿಲ್ಲ, ಕಡಿದ ಕೊಂಬೆ ಎಲ್ಲಿ ಬಿದ್ದರೂ ನಷ್ಟವಿಲ್ಲ. ಆಳುಕಾಳಿಗೂ ಬಿಡುವಿರುತ್ತದೆ. ಆಗ ಸವರಿದ ಮರ ಮುಂಗಾರಿನ ಮೊದಲ ಹದಕ್ಕೆ ಚಿಗುರೊಡೆಯುತ್ತದೆ, ಕಡಿದ ಸೌದೆಗೂ ಒಣಗಲು ಎರಡು ಮೂರು ತಿಂಗಳ ಬಿಸಿಲು ಸಿಗುತ್ತದೆ. ಮಲೆನಾಡಿನಲ್ಲಂತೂ ಮೃಗಶಿರಾ ಮಳೆ ಹಿಡಿಯುವುದರೊಳಗೆ ಸೌದೆ ಕೊಟ್ಟಿಗೆ ತುಂಬದಿದ್ದರೆ ಆ ಮನೆಯವರು ಮಳೆಗಾಲವಿಡೀ ಹೊಗೆಯಲ್ಲೇ ಕಳೆಯಬೇಕು.

ಹಳ್ಳಿಯ ಒಲೆಯೇ ಕಾಡನ್ನು ನುಂಗುತ್ತಿದೆ ಎಂಬ ಮಾತು 1970ರ ದಶಕದಲ್ಲಿ ಬಲವಾಗಿತ್ತು. ಅದು ನಿಜವೇ ಎಂದು ತೂಗಿ ನೋಡಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಅಮೂಲ್ಯ ರೆಡ್ಡಿ ಮತ್ತು ಅವರ ಸಂಗಡಿಗರು. 1974ರಲ್ಲಿ ಅಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರದವರು ಕುಣಿಗಲ್ ತಾಲ್ಲೂಕಿನ ಪುರ ಮೊದಲಾದ ಹಳ್ಳಿಗಳಲ್ಲಿ ಮನೆಮನೆ ಸುತ್ತಿ ಲೆಕ್ಕ ತೆಗೆದರು. ಅಲ್ಲಿನ ಒಲೆಗಳಿಗೆ ಹೋಗುತ್ತಿದ್ದುದು ಬಹುಪಾಲು ಪುಳ್ಳೆ, ರೆಂಬೆ. ಹೆಚ್ಚಿನದು ಜನ ತಾವೇ ಆಯ್ದು ತಂದದ್ದು, ದುಡ್ಡು ಕೊಟ್ಟು ಕೊಂಡದ್ದು ತೀರಾ ಕಡಿಮೆ. ಬುಡಸಹಿತ ಕಡಿದ ಮರ ಬೇಕಾಗಿದ್ದುದು ಪಟ್ಟಣಕ್ಕೆ, ಗೂಡುಗಳಿಗೆ, ಕಾರ್ಖಾನೆಗಳಿಗೆ. ಇನ್ನೊಂದು ಸಂಗತಿಯೂ ಆ ಲೆಕ್ಕದಲ್ಲಿ ಹೊರಬಿತ್ತು: ಸೌದೆ, ನೀರು, ಅಡುಗೆ, ದನ ಮೇಯಿಸುವುದು ಎಲ್ಲ ಸೇರಿಸಿದರೆ ಅರ್ಧಕ್ಕಿಂತ ಹೆಚ್ಚು ದುಡಿಮೆ ಹೆಂಗಸರದೇ. ತಲೆಯ ಮೇಲೆ ಸಿಂಬೆಯಿಟ್ಟು ಹೊರೆ ಹೊತ್ತು ನಡೆಯುವ ಆ ಶ್ರಮವನ್ನು ಅಲ್ಲಿಯತನಕ ಯಾರೂ ಇಂಧನದ ಬೆಲೆಗೆ ಸೇರಿಸಿರಲಿಲ್ಲ ಎಂಬುದನ್ನು ಮರೆಯಬಾರದು.

ಹೀಗೆ ಒಲೆಯನ್ನು ಸಾಕುವುದು ಕೊಂಬೆ. ಆದ್ದರಿಂದ ಕೊಂಬೆಯನ್ನು ತೆಗೆಯುವ ಕ್ರಮದ ಮೇಲೆಯೇ ಮರದ ಆಯುಸ್ಸು ನಿಂತಿದೆ. ದಪ್ಪ ಕೊಂಬೆಯನ್ನು ಮೇಲಿನಿಂದ ಒಂದೇ ಸಮನೆ ಕಡಿದರೆ ಅದು ಅರ್ಧದಲ್ಲಿ ತನ್ನ ಭಾರಕ್ಕೇ ಸಿಗಿದು, ಕಾಂಡದ ತೊಗಟೆಯನ್ನೂ ಉದ್ದಕ್ಕೆ ಸುಲಿದುಕೊಂಡು ಬೀಳುತ್ತದೆ. ಆ ಗಾಯದಲ್ಲಿ ಮಳೆನೀರು ನಿಂತು ಕೊಳೆತ ಶುರುವಾಗುತ್ತದೆ. ಅದಕ್ಕೇ ಮೊದಲು ಕೊಂಬೆಯ ಕೆಳಭಾಗದಲ್ಲಿ ಒಂದು ಕಚ್ಚು ಹಾಕಬೇಕು, ಅದರಿಂದ ಸ್ವಲ್ಪ ಆಚೆ ಮೇಲಿನಿಂದ ಕಡಿದು ಭಾರ ಇಳಿಸಬೇಕು, ಉಳಿದ ಮೋಟನ್ನು ಕೊನೆಯಲ್ಲಿ ತೆಗೆಯಬೇಕು. ಕೊಂಬೆ ಕಾಂಡಕ್ಕೆ ಕೂಡುವಲ್ಲಿ ಇರುವ ಉಬ್ಬನ್ನು ಮಾತ್ರ ಮುಟ್ಟಬಾರದು, ಗಾಯ ಮುಚ್ಚಿಕೊಳ್ಳುವುದು ಅಲ್ಲಿಂದಲೇ. ಮರದ ನೆತ್ತಿಯನ್ನು ಬೋಳಿಸದೆ ಕೆಳಗಿನ ಕೊಂಬೆಗಳನ್ನಷ್ಟೇ ತೆಗೆದರೆ ಬೆಳೆಗೆ ಬಿಸಿಲೂ ಸಿಗುತ್ತದೆ, ಮರವೂ ಸೊರಗುವುದಿಲ್ಲ.

ಎಲ್ಲ ಮರದ ಗುಣವೂ ಒಂದೇ ಅಲ್ಲ. ಹೊಂಗೆ, ಬೇವು, ಹುಣಸೆ, ಸುಬಾಬುಲ್, ಗ್ಲಿರಿಸಿಡಿಯಾ ಕಡಿದ ಬುಡದಿಂದ ಮತ್ತೆ ಚಿಗುರುತ್ತವೆ. ಅಂಥಲ್ಲಿ ಗಟ್ಟಿಮುಟ್ಟಾದ ಎರಡು ಮೂರು ಚಿಗುರು ಉಳಿಸಿ ಮಿಕ್ಕದ್ದನ್ನು ಚಿವುಟಿದರೆ ಕೆಲವೇ ವರ್ಷಗಳಲ್ಲಿ ಮತ್ತೆ ಸೌದೆ ಸಿದ್ಧ. ಸರ್ವೆ ಹಾಗಲ್ಲ, ಬುಡಕ್ಕೆ ಕಡಿದರೆ ಹೊಸ ಸಸಿಯನ್ನೇ ನೆಡಬೇಕು. 1790ರ ಸುಮಾರಿಗೆ ಟಿಪ್ಪು ಸುಲ್ತಾನನ ಕಾಲದಲ್ಲಿ ನಂದಿಬೆಟ್ಟಕ್ಕೆ ಬಂದಿತೆನ್ನಲಾದ ನೀಲಗಿರಿ ಕೋಲಾರ, ಬೆಂಗಳೂರು ಗ್ರಾಮಾಂತರದ ಹೊಲಗಳನ್ನು ಆವರಿಸಲು ಕಡಿದ ಬುಡದಿಂದ ಮತ್ತೆ ಚಿಗುರುವ ಅದರ ಗುಣವೂ ಒಂದು ಕಾರಣ. ಅಂತರ್ಜಲದ ಚಿಂತೆಯಿಂದ ರಾಜ್ಯ ಸರ್ಕಾರ 2017ರಲ್ಲಿ ಅದನ್ನು ಹೊಸದಾಗಿ ನೆಡುವುದನ್ನು ನಿಷೇಧಿಸಿತು. ಬಳ್ಳಾರಿ ಜಾಲಿಯದು ಇನ್ನೊಂದು ಕಥೆ. ಕಡಿದಷ್ಟೂ ಪೊದೆಯಾಗುವ ಅದನ್ನು ಹೊಲದಿಂದ ಓಡಿಸಲು ಬೇರಿನ ಗಡ್ಡೆಯನ್ನೇ ಅಗೆಯಬೇಕು. ಆದರೂ ರಾಯಚೂರು, ಕೊಪ್ಪಳ, ಬಳ್ಳಾರಿಯ ಕಡೆ ಎಷ್ಟೋ ಬಡಮನೆಗಳ ಒಲೆ ಹೊತ್ತುವುದು ಅದರಿಂದಲೇ. ಮರ ಕಡಿಮೆಯಿರುವ ಕಲಬುರಗಿಯ ಎರೆಹೊಲಗಳಲ್ಲಿ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆಗಳೇ ರೊಟ್ಟಿಯ ಹಂಚನ್ನು ಕಾಯಿಸುತ್ತವೆ. ತಿಪಟೂರಿನ ಸುತ್ತ ತೆಂಗಿನ ಮಟ್ಟೆ, ಕರಟಗಳಿಗೆ ಆ ಕೆಲಸ.

ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ಕೊಂಬೆ ಸವರುವುದು ದೊಡ್ಡದೊಂದು ಕಸುಬು. ಅದರ ಹೆಸರು ಮರಗಸಿ. ಕಾಫಿಗೆ ನೆರಳು ಬೇಕು, ಹೆಚ್ಚಾದರೆ ಫಸಲು ಕುಗ್ಗುತ್ತದೆ, ಮಳೆಗಾಲದಲ್ಲಿ ಕೊಳೆರೋಗ ತಗಲುತ್ತದೆ. ಅದಕ್ಕಾಗಿ ಹಾಲುವಾಣ, ಸಿಲ್ವರ್ ಓಕ್, ಕಾಡುಮರಗಳ ಕೊಂಬೆಗಳನ್ನು ಕಾಲಕಾಲಕ್ಕೆ ಇಳಿಸುತ್ತಾರೆ. ಕೆಳಗಿನ ಗಿಡ ಮುರಿಯದಂತೆ, ಸಿಲ್ವರ್ ಓಕಿಗೆ ಹಬ್ಬಿದ ಮೆಣಸಿನ ಬಳ್ಳಿ ಹರಿಯದಂತೆ ಕೊಂಬೆ ಬೀಳಿಸಬೇಕು. ಎಲೆ ತೋಟಕ್ಕೇ ಗೊಬ್ಬರವಾಗುತ್ತದೆ, ದಪ್ಪ ತುಂಡುಗಳು ಲೈನುಮನೆಗಳ ಒಲೆ ಸೇರುತ್ತವೆ. ಈ ಕೆಲಸ ಮಾಡುವವರು ಪ್ರಾಣ ಒತ್ತೆಯಿಟ್ಟು ಮರ ಹತ್ತುತ್ತಾರೆ. ಜಾರಿ ಬಿದ್ದು ಸೊಂಟ ಮುರಿದುಕೊಂಡವರಿದ್ದಾರೆ, ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಗುಲಿ ಸತ್ತವರಿದ್ದಾರೆ. ಸೊಂಟಕ್ಕೆ ಹಗ್ಗ, ತಂತಿಯ ಬಳಿ ಬಿದಿರಿನ ಏಣಿ, ಕೆಲಸದ ಹೊತ್ತಿನಲ್ಲಿ ಲೈನ್ ಆಫ್ ಮಾಡಿಸುವುದು: ಇಷ್ಟನ್ನು ಮಾಲೀಕರು ಮಾಡಲೇಬೇಕು. ಇದರಲ್ಲಿ ರಿಯಾಯಿತಿಯ ಮಾತೇ ಬರಬಾರದು.

ಕಡಿದರೆ ಕೆಲಸ ಮುಗಿಯಲಿಲ್ಲ. ಹಸಿ ಸೌದೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ. ಅದನ್ನು ಒಲೆಗಿಟ್ಟರೆ ಬೆಂಕಿಯ ಕಾವು ಮೊದಲು ಆ ನೀರನ್ನು ಆವಿಯಾಗಿಸುವುದಕ್ಕೇ ಖರ್ಚಾಗುತ್ತದೆ, ಹೊಗೆಯಂತೂ ಹೇಳತೀರದು. ಸೀಳಿ, ನೆಲಕ್ಕೆ ತಾಗದಂತೆ ಎರಡು ಅಡ್ಡಮರದ ಮೇಲೆ ಗಾಳಿಯಾಡುವಂತೆ ಒಟ್ಟಿದರೆ ತೇವ ಶೇ. 20ರ ಆಸುಪಾಸಿಗೆ ಇಳಿಯುತ್ತದೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಒಣಸೌದೆಯ ಜೊತೆಗೆ ಒಳ್ಳೆಯ ಒಲೆಯೂ ಬೇಕು. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದಲ್ಲಿ ಹತ್ತನೆಯ ಒಂದು ಪಾಲಷ್ಟೇ ಪಾತ್ರೆಗೆ ತಲುಪುತ್ತದೆ. ಹೊಗೆಕೊಳವೆಯಿರುವ ಅಸ್ತ್ರ ಒಲೆ ಅದನ್ನು ಹಲವು ಪಟ್ಟು ಹೆಚ್ಚಿಸಿತು. 14.2 ಕಿಲೋ ಅನಿಲದ ಒಂದು ಸಿಲಿಂಡರ್ ಮಾಡುವ ಅಡುಗೆಗೆ ಹಳೆಯ ಒಲೆಯಲ್ಲಿ ಸುಮಾರು ಎರಡು ಕ್ವಿಂಟಾಲ್ ಸೌದೆ ಬೇಕು. 2016ರ ಉಜ್ವಲಾ ಯೋಜನೆಯ ನಂತರವೂ ಬಚ್ಚಲ ಹಂಡೆಗೆ, ದನದ ಹುರುಳಿ ಬೇಯಿಸಲು, ಮದುವೆಮನೆಗೆ ಸೌದೆಯೇ ಬೇಕಾಗಿದೆ.

ಮನೆಯ ಒಲೆಗಿಂತ ದೊಡ್ಡ ಬಾಯಿಗಳೂ ಇವೆ. ಹುಣಸೂರು, ಪಿರಿಯಾಪಟ್ಟಣದ ವರ್ಜೀನಿಯಾ ಹೊಗೆಸೊಪ್ಪಿನ ಬ್ಯಾರನ್‌ಗಳಲ್ಲಿ ಒಂದು ಕಿಲೋ ಎಲೆ ಹದಗೊಳಿಸಲು ನಾಲ್ಕೈದು ಕಿಲೋ ಸೌದೆ ಉರಿಯುತ್ತದೆ. ಅಂಥ ಬೇಡಿಕೆಗೆ ಪುಳ್ಳೆ ಸಾಲದು, ಬದುವಿನ ಮರ ಬುಡಸಹಿತ ಲಾರಿ ಹತ್ತುತ್ತದೆ. ಸಾಲ, ಮದುವೆ, ಆಸ್ಪತ್ರೆಯ ತುರ್ತಿಗೆ ಮರ ಮಾರುವ ರೈತನನ್ನು ದೂಷಿಸಲಾಗದು. ಆದರೆ ಕಾನೂನು ತಿಳಿದಿರಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಜಮೀನಿನ ಮರ ಕಡಿಯಲೂ ವೃಕ್ಷ ಅಧಿಕಾರಿಯ ಅನುಮತಿ ಬೇಕು. ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್, ರಬ್ಬರ್, ತೆಂಗಿನಂಥವಕ್ಕೆ ವಿನಾಯಿತಿಯಿದೆ, ಆ ಪಟ್ಟಿಗೆ ಆಮೇಲೆ ಇನ್ನಷ್ಟು ಜಾತಿಗಳು ಸೇರಿವೆ.

ಈ ಬೇಸಿಗೆಯಲ್ಲಿ ಬದುವಿನ ಮರಕ್ಕೆ ಕೊಡಲಿ ಹಾಕುವವರು ಮೊದಲು ಹತ್ತಿರದ ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿ. ಅಲ್ಲೇ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯ ಬಗ್ಗೆಯೂ ಕೇಳಿ: ರಿಯಾಯಿತಿ ದರದಲ್ಲಿ ಸಸಿ ಕೊಟ್ಟು, ಬದುಕುಳಿದ ಗಿಡಗಳಿಗೆ ಮೂರು ವರ್ಷ ಪ್ರೋತ್ಸಾಹಧನ ಕೊಡುವ ಯೋಜನೆ ಅದು. ಮಳೆಗೆ ಮುನ್ನವೇ ಹೆಸರು ಬರೆಸಿ, ಬದುವಿಗೊಂದಿಷ್ಟು ಹೊಂಗೆ, ಬೇವು ನೆಡಿ.