ಸಮಾಜವಾದವೋ, ಮುಕ್ತ ಮಾರುಕಟ್ಟೆಯೋ? ನಾಲ್ಕು ತಾಲ್ಲೂಕುಗಳು ಹೇಳುವ ಉತ್ತರ

ವಿಜಯಪುರ: ಆದಾಯದ ಅಸಮಾನತೆಗೆ ಮದ್ದು ಸಮಾಜವಾದವೇ ಅಥವಾ ಮುಕ್ತ ಮಾರುಕಟ್ಟೆಯೇ ಎಂಬ ಚರ್ಚೆ ಹಳೆಯದು. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ಭಾಗದ ರೈತನಿಗೆ ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಅವಕಾಶವೇ ಇಲ್ಲ. ಕಾಲುವೆ ನೀರು ಬರಬೇಕಾದುದು ಸರ್ಕಾರದಿಂದ. ಬೆಳೆಗೆ ಬೆಲೆ ಸಿಗಬೇಕಾದುದು ಮಾರುಕಟ್ಟೆಯಲ್ಲಿ. ಯಾವುದು ಕೈಕೊಟ್ಟರೂ ನಷ್ಟ ಆತನದೇ.

ವರದಿ ಏನು ಹೇಳಿತ್ತು?

ಪ್ರಾದೇಶಿಕ ಅಸಮತೋಲನ ಕುರಿತು ಅಧ್ಯಯನ ನಡೆಸಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಸಲ್ಲಿಸಿತು. 35 ಸೂಚಕಗಳ ಆಧಾರದ ಮೇಲೆ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದ ಪಟ್ಟಿಗೆ ಸೇರಿಸಿತು. ಈ ನಾಲ್ಕೂ ತಾಲ್ಲೂಕುಗಳು ಆ ಪಟ್ಟಿಯಲ್ಲಿದ್ದವು. ಎಂಟು ವರ್ಷಗಳಲ್ಲಿ 31 ಸಾವಿರ ಕೋಟಿ ರೂಪಾಯಿ ವೆಚ್ಚ ಮಾಡುವಂತೆ ಸಮಿತಿ ಶಿಫಾರಸು ಮಾಡಿತು. 2007-08ರಲ್ಲಿ ವಿಶೇಷ ಅಭಿವೃದ್ಧಿ ಯೋಜನೆ ಆರಂಭವಾಯಿತು. ಚಡಚಣ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಮೊದಲಾದ ಹೊಸ ತಾಲ್ಲೂಕುಗಳು ರಚನೆಯಾದದ್ದು ಆ ಬಳಿಕ.

2012ರಲ್ಲಿ ಸಂಸತ್ತು ಅಂಗೀಕರಿಸಿದ 371(ಜೆ) ವಿಧಿಯ ವ್ಯಾಪ್ತಿಗೆ ಹಿಂದಿನ ಹೈದರಾಬಾದ್ ಕರ್ನಾಟಕ ಬಂದಿತು. ಮುಂಬೈ ಪ್ರಾಂತಕ್ಕೆ ಸೇರಿದ್ದ ವಿಜಯಪುರ ಹೊರಗುಳಿಯಿತು. ಹೀಗಾಗಿ ನೆರೆಯ ಕಲಬುರಗಿಯ ಯುವಕರಿಗೆ ಶಿಕ್ಷಣ, ಉದ್ಯೋಗದಲ್ಲಿ ದೊರೆಯುವ ಮೀಸಲಾತಿ ಗಡಿಯ ಈಚೆಗಿನ ಸಿಂದಗಿಯ ಯುವಕರಿಗೆ ಇಲ್ಲ.

ನೀರಿನ ಲೆಕ್ಕ

ಆಲಮಟ್ಟಿ ಅಣೆಕಟ್ಟೆಗೆ ಲಾಲ್ ಬಹದ್ದೂರ್ ಶಾಸ್ತ್ರಿ 1964ರಲ್ಲಿ ಶಂಕುಸ್ಥಾಪನೆ ನೆರವೇರಿಸಿದರು. ಇಷ್ಟು ದೊಡ್ಡ ಬಂಡವಾಳವನ್ನು ಬರದ ನಾಡಿನಲ್ಲಿ ಖಾಸಗಿಯವರು ಹೂಡುವುದು ಕಷ್ಟ ಎಂಬುದು ಸಮಾಜವಾದಿಗಳ ವಾದ. ಆದರೆ ಸರ್ಕಾರಿ ಯೋಜನೆಯೂ ಹೊಸ ಅಂತರ ಸೃಷ್ಟಿಸಿತು. ಕಾಲುವೆಯ ಪಕ್ಕದವನಿಗೆ ಕಬ್ಬು, ಮಳೆ ನಂಬಿದವನಿಗೆ ತೊಗರಿ, ಜೋಳ. ಹೊಲವಿಲ್ಲದವನಿಗೆ ಗೋವಾ, ಮಹಾರಾಷ್ಟ್ರಕ್ಕೆ ಗುಳೆ. ಮುಳುಗಡೆಯಾಗುವ ಜಮೀನಿಗೆ 2025ರ ಸೆಪ್ಟೆಂಬರ್‌ನಲ್ಲಿ ಸಚಿವ ಸಂಪುಟ ನಿಗದಿಪಡಿಸಿದ ಪರಿಹಾರದಲ್ಲೂ ಈ ಅಂತರವಿದೆ: ಎಕರೆಗೆ ನೀರಾವರಿ ಭೂಮಿಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ.

ಬೆಲೆಯ ಲೆಕ್ಕ

ಸರ್ಕಾರ ದೂರ ಉಳಿದರೆ ಪೈಪೋಟಿ ಹೆಚ್ಚಿ ರೈತನಿಗೆ ಉತ್ತಮ ಬೆಲೆ ಸಿಗುತ್ತದೆ ಎಂಬುದು ಮಾರುಕಟ್ಟೆ ಪರರ ವಾದ. 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಇಂಡಿ ನಿಂಬೆಗೆ ದೂರದ ಪೇಟೆಗಳ ಬೇಡಿಕೆಯೇ ಆಧಾರ. ಆದರೆ ನಿಂಬೆಗೆ ಕನಿಷ್ಠ ಬೆಂಬಲ ಬೆಲೆಯಿಲ್ಲ. ಆವಕ ಹೆಚ್ಚಾದಾಗ ದರ ಕುಸಿದರೆ ತಡೆಯುವವರಿಲ್ಲ.

ತೊಗರಿಯ ಕಥೆ ಬೇರೆ. 2025-26ನೇ ಸಾಲಿಗೆ ಕ್ವಿಂಟಲ್‌ಗೆ 8,000 ರೂಪಾಯಿ ಬೆಂಬಲ ಬೆಲೆ ಘೋಷಿಸಿದ್ದು ಕೇಂದ್ರ ಸರ್ಕಾರ. ನಗರಗಳಲ್ಲಿ ಬೇಳೆ ದುಬಾರಿಯಾಗದಿರಲೆಂದು 2021ರಲ್ಲಿ ಆಮದು ನಿರ್ಬಂಧ ಸಡಿಲಿಸಿದ್ದೂ ಅದೇ ಸರ್ಕಾರ. ಬೆಂಗಳೂರಿನ ಗ್ರಾಹಕನಿಗೆ ಅಗ್ಗದ ಬೇಳೆ ದೊರೆತಾಗ ಅದರ ಭಾರ ಸಿಂದಗಿಯ ರೈತನ ಮೇಲೆ ಬೀಳುತ್ತದೆ.

ಮುಂದೇನು?

ಅಸಮತೋಲನದ ಮರು ಅಧ್ಯಯನಕ್ಕೆ ರಾಜ್ಯ ಸರ್ಕಾರ 2024ರಲ್ಲಿ ಅರ್ಥಶಾಸ್ತ್ರಜ್ಞ ಎಂ. ಗೋವಿಂದ ರಾವ್ ನೇತೃತ್ವದ ಸಮಿತಿ ರಚಿಸಿತು. ತಾಲ್ಲೂಕಿನ ಸರಾಸರಿ ಏರಿದರಷ್ಟೇ ಸಾಲದು. ಸರ್ಕಾರ ತಂದ ನೀರು ಯಾರ ಹೊಲ ಮುಟ್ಟಿತು, ಮಾರುಕಟ್ಟೆಯ ನಷ್ಟ ಯಾರ ಹೆಗಲೇರಿತು ಎಂಬ ಪ್ರಶ್ನೆಗಳಿಗೆ ಉತ್ತರ ಸಿಗದ ಹೊರತು ವಾದಗಳ ಗೆಲುವಿನಿಂದ ಗುಳೆ ನಿಲ್ಲದು.