ವಿಲಕ್ಷಣ ನ್ಯುಮೋನಿಯಾದ ಪರೀಕ್ಷೆಗಳು: ಒಂದು ವಿವೇಚನೆ

ನ್ಯುಮೋನಿಯಾ ಎಂದೊಡನೆ ವೈದ್ಯಗ್ರಂಥಗಳು ಮೊದಲಿಗೆ ವರ್ಣಿಸುವುದು ಹಠಾತ್ತಾಗಿ ಏರುವ ಚಳಿಜ್ವರ, ಪಕ್ಕೆಯಲ್ಲಿ ಇರಿಯುವ ನೋವು, ತುಕ್ಕುಬಣ್ಣದ ಕಫ ಇವುಗಳನ್ನು. ಇದಕ್ಕೆ ಒಪ್ಪದ ಒಂದು ಬಗೆಯನ್ನು 1938ರಲ್ಲಿ ಅಮೆರಿಕೆಯ ಫಿಲಡೆಲ್ಫಿಯಾ ನಗರದ ವೈದ್ಯ ಹೋಬರ್ಟ್ ರೈಮನ್ ವಿವರಿಸಿದನು. ಮೆಲ್ಲನೆ ಏರುವ ಜ್ವರ, ತಲೆನೋವು, ಬಿಡದ ಒಣಕೆಮ್ಮು. ಎದೆಯ ಪರೀಕ್ಷೆಯಲ್ಲಿ ಹೆಚ್ಚೇನೂ ತೋರದಿದ್ದರೂ ಕ್ಷ-ಕಿರಣದ ಚಿತ್ರದಲ್ಲಿ ಹರಡಿದ ಮಬ್ಬು. ಇದೇ ವಿಲಕ್ಷಣ ನ್ಯುಮೋನಿಯಾ. ಇದು ಒಂದೇ ರೋಗದ ಹೆಸರಲ್ಲ. ಹಲವು ರೋಗಾಣುಗಳಿಂದ ಬರುವ ರೋಗಗಳ ಸಮಾನನಾಮ. ಆದುದರಿಂದ ಇದನ್ನು ಗುರುತಿಸುವ ಪರೀಕ್ಷೆಯೂ ಒಂದಲ್ಲ. ಯಾವ ಪರೀಕ್ಷೆ ಯಾವ ಪ್ರಶ್ನೆಗೆ ಉತ್ತರವೀಯುತ್ತದೆಂಬುದನ್ನು ಅರಿಯದೆ ಅದರ ಫಲವನ್ನು ನಂಬುವುದು ಅಪಾಯಕರ.

ಮೊದಲನೆಯ ಪರೀಕ್ಷೆ 1943ರಲ್ಲಿ ದೊರೆಯಿತು. ರೋಗಿಯ ರಕ್ತರಸವನ್ನು ಕೆಂಪು ರಕ್ತಕಣಗಳೊಡನೆ ಬೆರೆಸಿ 4 ಡಿಗ್ರಿ ಸೆಂಟಿಗ್ರೇಡಿನಲ್ಲಿಟ್ಟರೆ ಕಣಗಳು ಗಂಟುಕಟ್ಟುತ್ತವೆ. 37 ಡಿಗ್ರಿಗೆ ತಂದರೆ ಮತ್ತೆ ಬಿಡಿಯಾಗುತ್ತವೆ. ಪರೀಕ್ಷೆ ಸುಲಭ, ಆದರೆ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಮಾತ್ರ ಇದು ತೋರುತ್ತದೆ, ಬೇರೆ ಕೆಲವು ರೋಗಗಳಲ್ಲಿಯೂ ತೋರಬಹುದು. ಇದು ಸುಳಿವೇ ಹೊರತು ನಿರ್ಣಯವಲ್ಲ.

ರೋಗಾಣುವನ್ನೇ ಹಿಡಿಯುವ ಯತ್ನವೂ ನಡೆದಿತ್ತು. 1944ರಲ್ಲಿ ಮನ್ರೋ ಈಟನ್ ಬ್ಯಾಕ್ಟೀರಿಯಾಗಳನ್ನು ತಡೆಯುವ ಶೋಧಕದಿಂದಲೂ ನುಸುಳಿಹೋಗುವ ಒಂದು ರೋಗಕಾರಕವನ್ನು ಬೇರ್ಪಡಿಸಿದನು. ಬಹುಕಾಲ ಅದನ್ನು ವೈರಸ್ ಎಂದೇ ಎಣಿಸಲಾಗಿತ್ತು. 1962ರಲ್ಲಿ ಚಾನಕ್, ಹೇಫ್ಲಿಕ್ ಮತ್ತು ಬ್ಯಾರಿಲ್ ಅದನ್ನು ನಿರ್ಜೀವ ಪೋಷಕದ್ರವ್ಯದ ಮೇಲೆ ಬೆಳೆಸಿ, ಅದು ಮೈಕೋಪ್ಲಾಸ್ಮ ಕುಲಕ್ಕೆ ಸೇರಿದುದೆಂದು ತೋರಿಸಿದರು. ಈ ಜೀವಿಗೆ ಕೋಶಭಿತ್ತಿಯಿಲ್ಲ. ಆದಕಾರಣ ಕೋಶಭಿತ್ತಿಯ ರಚನೆಯನ್ನು ಕೆಡಿಸುವ ಪೆನಿಸಿಲಿನ್ ಇಲ್ಲಿ ನಿಷ್ಫಲ. ವಾಡಿಕೆಯ ಗ್ರಾಮ್ ಬಣ್ಣದಲ್ಲಿಯೂ ಇದು ಕಾಣದು. ಇದನ್ನು ಬೆಳೆಸಲು ವಾರಗಟ್ಟಲೆ ಬೇಕು. ರೋಗಿ ಅಷ್ಟು ದಿನ ಕಾಯಲಾರನು.

ರಕ್ತದಲ್ಲಿ ಪ್ರತಿಕಾಯಗಳನ್ನು ಅಳೆಯುವುದು ಇನ್ನೊಂದು ಮಾರ್ಗ. ಒಂದೇ ದಿನದ ಶಿಲ್ಕನ್ನು ನೋಡಿ ಖಾತೆಗೆ ಹಣ ಎಂದು ಬಂದಿತೆಂದು ಹೇಳಲಾಗದಷ್ಟೆ. ಹಾಗೆಯೇ ಒಂದೇ ಮಾದರಿಯ ಪ್ರತಿಕಾಯಗಳು ಈಗಿನ ಸೋಂಕಿನವೋ ಹಿಂದಿನದರವೋ ಎಂದು ನಿಶ್ಚಯಿಸುವುದು ಕಷ್ಟ. ಆದುದರಿಂದ ಎರಡರಿಂದ ನಾಲ್ಕು ವಾರಗಳ ಅಂತರದಲ್ಲಿ ಎರಡು ಮಾದರಿಗಳನ್ನು ಪಡೆದು ನಾಲ್ಕುಪಟ್ಟು ಏರಿಕೆಯನ್ನು ಪ್ರಮಾಣವೆಂದು ಎಣಿಸುತ್ತಾರೆ. ಉತ್ತರ ವಿಶ್ವಾಸಾರ್ಹವೇ ಸರಿ. ಆದರೆ ಅದು ಬರುವ ವೇಳೆಗೆ ಚಿಕಿತ್ಸೆಯ ಕಾಲ ಮೀರಿರುತ್ತದೆ.

1976ರಲ್ಲಿ ಅದೇ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ನಡೆದ ಮಾಜಿ ಸೈನಿಕರ ಸಮ್ಮೇಳನದ ಬೆನ್ನಿಗೇ ಮಾರಕ ನ್ಯುಮೋನಿಯಾ ಕಾಣಿಸಿಕೊಂಡಿತು. 34 ಮಂದಿ ಮೃತರಾದರು. ವಾಡಿಕೆಯ ಪರೀಕ್ಷೆಗಳಿಗೆ ಕಾರಣ ಸಿಗಲಿಲ್ಲ. 1977ರ ಆರಂಭದಲ್ಲಿ ಜೋಸೆಫ್ ಮ್ಯಾಕ್‌ಡೇಡ್ ಅದನ್ನು ಪತ್ತೆಮಾಡಿದನು. ಅದಕ್ಕೆ ಲೀಜನೆಲ್ಲ ಎಂದು ಹೆಸರಾಯಿತು. ಇಂದು ಮೂತ್ರದಲ್ಲಿ ಅದರ ಅಂಶವನ್ನು ಅಲ್ಪಕಾಲದಲ್ಲಿಯೇ ಗುರುತಿಸಬಹುದು. ಆದರೆ ಈ ಪರೀಕ್ಷೆ ಮುಖ್ಯವಾಗಿ ಒಂದನೆಯ ಉಪವರ್ಗವನ್ನು ಮಾತ್ರ ಹಿಡಿಯುತ್ತದೆ. ‘ಇಲ್ಲ’ ಎಂಬ ಉತ್ತರಕ್ಕೆ ‘ಈ ಉಪವರ್ಗ ಸಿಗಲಿಲ್ಲ’ ಎಂಬುದಷ್ಟೇ ಅರ್ಥ.

ಈಗ ಬಹುವಾಗಿ ಬಳಕೆಯಲ್ಲಿರುವ ಪಿ.ಸಿ.ಆರ್. ಪರೀಕ್ಷೆ ಗಂಟಲಿನ ಅಥವಾ ಕಫದ ಮಾದರಿಯಲ್ಲಿರುವ ರೋಗಾಣುವಿನ ಆನುವಂಶಿಕ ದ್ರವ್ಯವನ್ನು ಅಸಂಖ್ಯಪಟ್ಟು ವೃದ್ಧಿಗೊಳಿಸಿ ಕೆಲವೇ ಗಂಟೆಗಳಲ್ಲಿ ತೋರಿಸುತ್ತದೆ. ಇದಕ್ಕೂ ಮಿತಿಯುಂಟು. ಆರೋಗ್ಯವಂತ ಮಕ್ಕಳ ಗಂಟಲಲ್ಲಿಯೂ ಮೈಕೋಪ್ಲಾಸ್ಮ ಇರಬಹುದು. ಪ್ರತಿಯಾಗಿ, 2003ರ ಸಾರ್ಸ್ ಪಿಡುಗಿನಲ್ಲಿ ಆರಂಭದ ದಿನಗಳಲ್ಲಿ ತೆಗೆದ ಮಾದರಿಗಳು ಎಷ್ಟೋ ರೋಗಿಗಳಲ್ಲಿ ವೈರಸ್ಸನ್ನು ತೋರಿಸಲಿಲ್ಲ.

ಆದುದರಿಂದ ಪರೀಕ್ಷೆ ಸಾಕ್ಷಿಯೇ ಹೊರತು ತೀರ್ಪಲ್ಲ. ರೋಗ ತೀವ್ರವಾಗಿದ್ದರೆ ವೈದ್ಯರು ಫಲಿತಾಂಶಕ್ಕೆ ಕಾಯದೆ ಔಷಧವನ್ನು ಆರಂಭಿಸುವುದು ಈ ಕಾರಣದಿಂದಲೇ. ಹಾಗೆಂದು ಪರೀಕ್ಷೆ ವ್ಯರ್ಥವಲ್ಲ. ಲೀಜನೆಲ್ಲ ನೀರಿನಲ್ಲಿ ಬೆಳೆಯುವ ಜೀವಿ. ಒಬ್ಬ ರೋಗಿಯಲ್ಲಿ ಅದು ಖಚಿತವಾದರೆ ಕಟ್ಟಡದ ನೀರನ್ನು ಶೋಧಿಸಿ ಇತರರನ್ನು ಉಳಿಸಬಹುದು. ಪರೀಕ್ಷೆಯ ಚೀಟಿಯನ್ನು ಕೈಯಲ್ಲಿ ಹಿಡಿದವರು ‘ಇದೆಯೋ ಇಲ್ಲವೋ’ ಎಂದಷ್ಟೇ ಕೇಳದೆ, ‘ಯಾವುದನ್ನು ಹುಡುಕಿದರು, ಜ್ವರದ ಎಷ್ಟನೆಯ ದಿನ ಹುಡುಕಿದರು’ ಎಂದೂ ಕೇಳುವುದು ಲೇಸು.