ಕ್ರಿಸ್‌ಮಸ್ ಮಾರ್ಕೆಟ್ ಹುಡುಕಿಕೊಂಡು ಕುಂದಾಪುರಕ್ಕೆ

ಜರ್ಮನಿಯ ಕ್ರಿಸ್‌ಮಸ್ ಮಾರ್ಕೆಟ್‌ಗಳ ರೀಲ್ಸ್ ನೀವೂ ನೋಡಿರ್ತೀರಿ. ಮರದ ಪುಟ್ಟ ಪುಟ್ಟ ಅಂಗಡಿಗಳು, ಮೇಲೆ ಹಿಮ, ಕೈಯಲ್ಲಿ ಬಿಸಿಬಿಸಿ ಏನೋ ಹಿಡಿದು ಓಡಾಡುವ ಜನ. ಡಿಸೆಂಬರ್ ಬಂತು ಅಂದ್ರೆ ನನ್ನ ಫೋನ್ ತುಂಬಾ ಅದೇ. ಹೋದ ವರ್ಷ ಒಂದು ರೀಲ್ ಅನ್ನು ನನ್ನ ಕ್ಲಾಸ್‌ಮೇಟ್‌ಗೆ ತೋರಿಸಿ, "ನಿಮ್ಮೂರಲ್ಲೂ ಹೀಗೆ ಇರತ್ತಾ?" ಅಂತ ಕೇಳಿದೆ. ಅವನದು ಕುಂದಾಪುರ, ಮನೆಮಾತು ಕೊಂಕಣಿ, ಕ್ಯಾಥೊಲಿಕ್ ಕುಟುಂಬ. "ಬಂದು ನೋಡು ಮಾರಾಯ" ಅಂದ. ಹೋದೆ.

ಸುಂಕದಕಟ್ಟೆಯಿಂದ ಮೆಜೆಸ್ಟಿಕ್‌ಗೆ ಬಸ್ಸು, ಅಲ್ಲಿಂದ ಪಂಚಗಂಗಾ ಎಕ್ಸ್‌ಪ್ರೆಸ್. ಕುಂದಾಪುರದ ರೈಲ್ವೆ ಸ್ಟೇಷನ್ ಊರೊಳಗಿಲ್ಲ, ಮೂಡ್ಲಕಟ್ಟೆಯಲ್ಲಿದೆ. ಒಂದು ಕಟ್ಟೆ ಬಿಟ್ಟು ಇನ್ನೊಂದು ಕಟ್ಟೆಯಲ್ಲಿ ಇಳಿದ ಹಾಗಾಯ್ತು. ರೈಲಿಗೆ ಆ ಹೆಸರು ಬಂದಿದ್ದು ಇಲ್ಲಿನ ಪಂಚಗಂಗಾವಳಿಯಿಂದ. ಸೌಪರ್ಣಿಕಾ, ವಾರಾಹಿ, ಚಕ್ರಾ ಸೇರಿ ಐದು ನದಿಗಳು ಒಂದಾಗಿ ಗಂಗೊಳ್ಳಿ ಹತ್ತಿರ ಸಮುದ್ರ ಸೇರುತ್ತವೆ. ಊರಿನ ಮೂರು ಕಡೆಯೂ ನೀರು.

ಮಾರ್ಕೆಟ್ ಮಾತ್ರ ಸಿಗಲಿಲ್ಲ. ಶಾಸ್ತ್ರಿ ಸರ್ಕಲ್ ಆಸುಪಾಸಿನ ಅಂಗಡಿಗಳ ಮುಂದೆ ಬಣ್ಣದ ನಕ್ಷತ್ರಗಳು ತೂಗ್ತಾ ಇದ್ದವು, ಗೋದಲಿಗೆ ಇಡುವ ಕುರಿ, ದನ, ಕುರುಬರ ಗೊಂಬೆಗಳ ಸೆಟ್ ಇತ್ತು, ಅಷ್ಟೇ. ನನಗೆ ಸ್ವಲ್ಪ ನಿರಾಸೆ ಆಯ್ತು, ಸುಳ್ಳು ಯಾಕೆ ಹೇಳಲಿ. "ಇಷ್ಟೇನಾ?" ಅಂದೆ. "ಮಾರ್ಕೆಟ್ ಅಂದ್ರೆ ಇದೇ, ನಿಂಗೆ ಕಾಣ್ತಿಲ್ಲ" ಅಂತ ಅವನು ಒಂದು ದಿನಸಿ ಅಂಗಡಿಗೆ ಕರ್ಕೊಂಡು ಹೋದ. ಅಲ್ಲಿ ಅವರಮ್ಮ ಕೊಟ್ಟ ಚೀಟಿ ಓದಿದ: ಮೈದಾ, ಬಿಳಿ ಎಳ್ಳು, ಗೋಡಂಬಿ, ದ್ರಾಕ್ಷಿ, ಏಲಕ್ಕಿ, ಸಕ್ಕರೆ, ಎಣ್ಣೆ. ಹಿಂದೆ ನಿಂತಿದ್ದ ಇಬ್ಬರು ಹೆಂಗಸರ ಕೈಯಲ್ಲೂ ಹೆಚ್ಚುಕಡಿಮೆ ಅದೇ ಚೀಟಿ.

ಇದು ಕುಸ್ವಾರ್‌ನ ಸಾಮಾನು. ಕರಾವಳಿಯ ಕ್ಯಾಥೊಲಿಕರು ಕ್ರಿಸ್‌ಮಸ್‌ಗೆ ಮಾಡುವ ತಿಂಡಿಗಳ ಗುಂಪಿಗೆ ಕುಸ್ವಾರ್ ಅಂತಾರೆ. ಒಂದು ತಿಂಡಿಯ ಹೆಸರಲ್ಲ, ಇಡೀ ತಟ್ಟೆಯ ಹೆಸರು. ಅದರಲ್ಲಿ ನೆವ್ರಿ ಇರುತ್ತೆ, ಅರ್ಧಚಂದ್ರದ ಆಕಾರ, ಒಳಗೆ ಎಳ್ಳು, ಕೊಬ್ಬರಿ, ಸಕ್ಕರೆ. ಬಾಯಿಗೆ ಹಾಕಿದ ಕೂಡಲೇ ಗೊತ್ತಾಯ್ತು, ಇದು ನಮ್ಮನೆ ಕರ್ಜಿಕಾಯಿಯ ಅಕ್ಕನೋ ತಂಗಿಯೋ. ಗುಳಿಯೊ ಅಂದ್ರೆ ಅಕ್ಕಿ, ತೆಂಗಿನಕಾಯಿಯ ಗೋಲಿಯಷ್ಟು ಉಂಡೆ, ಕರಿದಾಗ ಕಲ್ಲಿನಷ್ಟು ಗಟ್ಟಿ. ಕಿಡಿಯೊ ಅನ್ನೋ ಪದಕ್ಕೆ ಹುಳುಗಳು ಅಂತ ಅರ್ಥ! ಹಿಟ್ಟನ್ನು ಫೋರ್ಕಿನ ಬೆನ್ನ ಮೇಲೆ ಒತ್ತಿ ಸುರುಳಿ ಸುತ್ತಿದಾಗ ಮೈಮೇಲೆ ಗೆರೆ ಬಿದ್ದು ನಿಜವಾಗ್ಲೂ ಕಂಬಳಿಹುಳದ ಹಾಗೆ ಕಾಣತ್ತೆ. ನಾನು ಸುತ್ತಿದ ಹುಳುಗಳಿಗೆ ಯಾವ ಆಕಾರವೂ ಬರಲಿಲ್ಲ.

ನನಗೆ ಹುಚ್ಚು ಹಿಡಿಸಿದ್ದು ರೋಸ್ ಕುಕ್ಕಿ. ಮೈದಾ, ಮೊಟ್ಟೆ, ತೆಂಗಿನ ಹಾಲಿನ ತೆಳ್ಳಗಿನ ಹಿಟ್ಟು. ಹೂವಿನ ಆಕಾರದ ಕಬ್ಬಿಣದ ಅಚ್ಚನ್ನು ಮೊದಲು ಬಿಸಿ ಎಣ್ಣೆಯಲ್ಲಿ ಕಾಯಿಸಿ, ಆಮೇಲೆ ಹಿಟ್ಟಿಗೆ ಅದ್ದಿ, ಮತ್ತೆ ಎಣ್ಣೆಗೆ ಇಳಿಸಬೇಕು. ಅಚ್ಚು ತಣ್ಣಗಿದ್ರೆ ಹಿಟ್ಟು ಹಿಡಿಯೋದೇ ಇಲ್ಲ, ಜಾರಿ ಹೋಗತ್ತೆ. ಸರಿಯಾಗಿ ಕಾದಿದ್ದರೆ ಹಿಟ್ಟಿನ ಒಂದು ತೆಳು ಪದರ ತಕ್ಷಣ ಬೆಂದು ಕೂತುಬಿಡತ್ತೆ. ಎಣ್ಣೆಯಲ್ಲಿ ನೀರಿನಂಶ ಆವಿಯಾಗಿ ಗಟ್ಟಿಯಾದ ಮೇಲೆ, ಸ್ವಲ್ಪ ಅಲ್ಲಾಡಿಸಿದ್ರೆ ಹೂವು ತಾನೇ ಕಳಚಿಕೊಳ್ಳತ್ತೆ. ಆದರೆ ಅದ್ದುವಾಗ ಅಚ್ಚಿನ ಮೇಲಂಚು ಮುಳುಗಬಾರದು, ಮುಳುಗಿದ್ರೆ ಹಿಟ್ಟು ಮೇಲಿಂದ ಬೀಗ ಹಾಕಿದ ಹಾಗೆ, ಬಿಡಲ್ಲ. ನಮ್ಮ ಹೀಟ್ ಟ್ರಾನ್ಸ್‌ಫರ್ ಕ್ಲಾಸಲ್ಲಿ ಇದನ್ನೇ ಮಾಡಿಸಿದ್ರೆ ಅಟೆಂಡೆನ್ಸ್ ಶಾರ್ಟೇಜ್ ಯಾರಿಗೂ ಇರ್ತಿರ್ಲಿಲ್ಲ.

ಈ ತಿಂಡಿಗಳು ಇಲ್ಲಿಗೆ ಬಂದ ದಾರಿ ಹಳೆಯದು. 16ನೇ ಶತಮಾನದಿಂದ ಗೋವಾದ ಕೊಂಕಣಿ ಕ್ರೈಸ್ತರು ದಕ್ಷಿಣಕ್ಕೆ ಬಂದು ಕರಾವಳಿಯಲ್ಲಿ ನೆಲೆಸಿದರು. ಈ ಬಂದರುಗಳಿಂದ ಗೋವಾಕ್ಕೆ ಅಕ್ಕಿ ಹೋಗ್ತಿತ್ತು. ಕುಂದಾಪುರದ ರೋಜರಿ ಚರ್ಚ್ ಶುರುವಾಗಿದ್ದು 1570ರಲ್ಲಿ. 1784ರಲ್ಲಿ ಟಿಪ್ಪು ಸುಲ್ತಾನ್ ಈ ಸಮುದಾಯವನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ, ಉಳಿದವರು ಮರಳಿದ್ದು 1799ರ ನಂತರ. ಇಷ್ಟೆಲ್ಲ ಆದಮೇಲೂ ತಟ್ಟೆಯಲ್ಲಿ ಇರೋದು ಅಕ್ಕಿ, ತೆಂಗು, ಎಳ್ಳು. ಎಲ್ಲಾ ಇಲ್ಲಿನದೇ.

ಡ್ರೆಸ್ಡೆನ್‌ನ ಹೆಸರಾಂತ ಮಾರ್ಕೆಟ್ ಕೂಡ 1434ರಲ್ಲಿ ಶುರುವಾದಾಗ ಒಂದು ದಿನದ ಮಾಂಸದ ಸಂತೆ ಆಗಿತ್ತಂತೆ. ಅಂದ್ರೆ ಅಲ್ಲೂ ಮೊದಲು ಜನ ಬಂದಿದ್ದು ಅಡುಗೆ ಸಾಮಾನಿಗೇ. ಈಗ ಅಲ್ಲಿ ರೆಡಿ ತಿಂಡಿ ಕೊಂಡು ಅಲ್ಲೇ ತಿಂತಾರೆ. ಕುಂದಾಪುರದಲ್ಲಿ ತಿಂಡಿ ಮಾರಾಟಕ್ಕಲ್ಲ, ಮನೆಯಿಂದ ಮನೆಗೆ ಹೋಗೋದಕ್ಕೆ.

ಆದರೆ ಇದೂ ಬದಲಾಗ್ತಿದೆ. ಬೇಕರಿಗಳಲ್ಲಿ ಈಗ ಕುಸ್ವಾರ್ ಪ್ಯಾಕೆಟ್ ಸಿಗತ್ತೆ, ಎಲ್ಲಾ ತಿಂಡಿ ಸ್ವಲ್ಪ ಸ್ವಲ್ಪ ಹಾಕಿ ಸೀಲ್ ಮಾಡಿರ್ತಾರೆ. ಗೆಳೆಯನ ಅಮ್ಮ ಕೆಲಸಕ್ಕೆ ಹೋಗ್ತಾರೆ, ಅಜ್ಜಿಗೆ ಕೈ ನಡುಗತ್ತೆ. ಈ ಸಲ ಪ್ಯಾಕೆಟ್ ತಂದುಬಿಡೋಣ ಅಂತ ಆಂಟಿ ಅಂದಿದ್ರು. ಅಜ್ಜಿ ಒಪ್ಪಲಿಲ್ಲ. "ಬೇಕರಿದ್ ಕೊಟ್ರೆ ಕೊಟ್ಟಂಗ್ ಆತ್ತಾ?" ಅಂದ್ರು. ನನಗೆ ಅದು ಬರೀ ಹಟ ಅನ್ನಿಸಿತ್ತು. ಕಾರಣ ಗೊತ್ತಾಗಿದ್ದು ತಟ್ಟೆ ಜೋಡಿಸುವಾಗ. ಪಕ್ಕದ ಭಟ್ಟರ ಮನೆಗೆ ಹೋಗೋ ತಟ್ಟೆಯಲ್ಲಿ ರೋಸ್ ಕುಕ್ಕಿ ಇಲ್ಲ, ಅದಕ್ಕೆ ಮೊಟ್ಟೆ ಹಾಕಿದೆ. ಅವರಿಗೆ ನೆವ್ರಿ, ಗುಳಿಯೊ ಮಾತ್ರ, ಅದನ್ನು ಬೇರೆ ಬಾಣಲೆಯಲ್ಲಿ ಮೊದಲೇ ಕರಿದು ಎತ್ತಿಟ್ಟಿದ್ರು. ಎಲ್ಲಾ ಒಟ್ಟಿಗೆ ಬೆರೆತ ಪ್ಯಾಕೆಟನ್ನು ಆ ಮನೆಗೆ ಹೇಗೆ ಕೊಡೋದು? ಚೌತಿಗೆ ಅವರ ಮನೆಯಿಂದ ಪಂಚಕಜ್ಜಾಯ ಬಂದಿತ್ತು, ವಾಪಸ್ ಏನೂ ಹೋಗದೇ ಇರೋ ಹಾಗಿಲ್ಲ.

ಕೊನೆಗೆ ಆಗಿದ್ದು ಇಷ್ಟು: ಕೇಕ್ ಮತ್ತು ಕಿಡಿಯೊ ಬೇಕರಿಯಿಂದ ಬಂತು (ನನ್ನ ಹುಳುಗಳನ್ನು ಮನೆಯವರೇ ತಿಂದರು), ಉಳಿದದ್ದನ್ನು ನಾವು ನಾಲ್ಕು ಜನ ಎರಡು ರಾತ್ರಿ ಕೂತು ಮಾಡಿದ್ವಿ. ಅಜ್ಜಿ ಕುರ್ಚಿಯಲ್ಲಿ ಕೂತು ಹಿಟ್ಟಿನ ಹದ ಮುಟ್ಟಿ ನೋಡ್ತಿದ್ರು, ಗುಳಿಯೊ ಉಂಡೆ ದೊಡ್ಡದಾಯ್ತು ಅಂತ ಗೆಳೆಯನಿಗೆ ಬೈತಿದ್ರು. ಅವನು ಮೊದಲ ಸಲ ಅಚ್ಚು ಹಿಡಿದಿದ್ದಂತೆ. ಅಳತೆಯೆಲ್ಲ ಫೋನಲ್ಲಿ ಬರೆದುಕೊಂಡಿದ್ದಾನೆ. ಅಜ್ಜಿಯ ಅಳತೆ ಕುಡ್ತೆ, ಮುಷ್ಟಿ, ಚಿಟಿಕೆಯಲ್ಲಿ ಇರೋದರಿಂದ, ಗ್ರಾಂ ಲೆಕ್ಕಕ್ಕೆ ತರೋ ಕೆಲಸ ಇನ್ನೂ ಬಾಕಿ.

ಹೊರಡುವಾಗ ಅಜ್ಜಿ ಒಂದು ಸ್ಟೀಲ್ ಡಬ್ಬ ತುಂಬಿಸಿ ಕೊಟ್ರು. ಸುಂಕದಕಟ್ಟೆಯಲ್ಲಿ ನಮ್ಮಮ್ಮ ಮುಚ್ಚಳ ತೆಗೆದು ನೆವ್ರಿ ನೋಡಿ, "ಇದೇನೋ ಕರ್ಜಿಕಾಯಿ ತಂದಿದೀಯ" ಅಂದ್ರು. ಡಬ್ಬ ಎರಡೇ ದಿನದಲ್ಲಿ ಖಾಲಿ. ತೊಳೆದು ಕಾಲೇಜಿಗೆ ತಗೊಂಡು ಹೋಗ್ತೀನಿ ಅಂದ್ರೆ ಅಮ್ಮ ಬಿಡಲಿಲ್ಲ, ಖಾಲಿ ಡಬ್ಬ ಕಳಿಸ್ತಾರಾ ಅಂತ ಬೈದರು. ಸಂಕ್ರಾಂತಿ ಆದಮೇಲೆ ಅದು ಎಳ್ಳು-ಬೆಲ್ಲ ತುಂಬಿಕೊಂಡು ಗೆಳೆಯನ ಬ್ಯಾಗಲ್ಲಿ ಕುಂದಾಪುರಕ್ಕೆ ಹೋಯ್ತು.